ತಾನಾಗಿ ಏರಿದ ತಂತಿ

ಫೆಬ್ರವರಿ 9

ಅಪ್ಪ,

ನಾಲ್ಕು ವರ್ಷದಿಂದ ಮುಚ್ಚಿಟ್ಟುಕೊಂಡದ್ದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹಿಂದಿನ ಮೂರರ ಹಾಗೆ ಈ ಕಾಗದವನ್ನೂ ಹರಿದುಹಾಕುತ್ತೇನೆ. ‘ಶ್ರುತಿಗಾರ’ ಅನ್ನುವ ಹೆಸರಿನಲ್ಲಿ ನೀನು ಕಳಿಸುವ ಟೇಪುಗಳನ್ನು ಇಲ್ಲಿ ಬಿಡಿಸಿ, ಕೇಳಿ, ಬೇಡದ ಸದ್ದು ತೊಳೆದು, ರೆಕಾರ್ಡಿಗೆ ಸಿದ್ಧಮಾಡುವವಳು ನಾನು.

ಪ್ಯಾಕಿಂಗ್ ಕೆಲಸ ಸಿಕ್ಕಿದೆ ಎಂದು ಒಂದು ಕಾರ್ಡು ಹಾಕಿದ್ದೆನಲ್ಲ, ಅದು ಸುಳ್ಳಲ್ಲ. ಮೊದಲ ಎಂಟು ತಿಂಗಳು ರಟ್ಟಿನ ಪೆಟ್ಟಿಗೆ ಮಡಿಸಿದೆ, ನಿನ್ನ ಮೊದಲ ಟೇಪು ಅಷ್ಟು ದಿನವೂ ಕಪಾಟಿನಲ್ಲಿ ಸರದಿ ಕಾಯುತ್ತಿತ್ತು. ಎಲ್ಲಿ ಎನ್ನುವುದನ್ನು ಮಾತ್ರ ಬರೆದಿರಲಿಲ್ಲ. ನಿನ್ನ ಮೊದಲ ಟೇಪಿನ ಪೊಟ್ಟಣದ ಮೇಲೆ ವಿಳಾಸ ಬರೆದದ್ದು ನಾನೇ, ನೆನಪಿದೆಯಾ? ಓದು ಬಿಟ್ಟವಳು ನನ್ನ ಮೆಟ್ಟಿಲು ಹತ್ತುವುದು ಬೇಡ ಎಂದು ನೀನು ಅಂದ ದಿನ, ನನಗೆ ಬಾಯಿಪಾಠ ಬರುತ್ತಿದ್ದ ಇನ್ನೊಂದು ವಿಳಾಸ ಅದೊಂದೇ. ಬಂದು ನಿಂತೆ.

ನಮ್ಮದು ಮೂರು ಕೋಣೆಯ ರೆಕಾರ್ಡು ಕಂಪನಿ. ಕೆಳಗೆ ಸೈಕಲ್ ರಿಪೇರಿ, ಎದುರಿಗೆ ಬಡಗಿಯ ಅಂಗಡಿ. ಯಜಮಾನಿಗೆ ನಾವು ಇಟ್ಟಿರುವ ಹೆಸರು ಮೆಲ್ಲಗಮ್ಮ. ಬಾಗಿಲು ಹಾಕಿದರೂ, ಚಹಾ ಕಲಕಿದರೂ “ಮೆಲ್ಲಗೆ, ಮೆಲ್ಲಗೆ” ಅನ್ನುತ್ತಾರೆ. ಪೆಟ್ಟಿಗೆ ಕಟ್ಟುವವನು ರಟ್ಟಣ್ಣ. “ತಾಳ ಇಲ್ಲ, ಹಾಡು ಇಲ್ಲ, ಗುಂಯ್ ಅನ್ನೋದಕ್ಕೆ ಇಷ್ಟು ಜನ ಕಾಯ್ತಾರಲ್ಲ ತಂಗಿ, ನಮ್ಮತ್ತೆ ಮನೆ ಫ್ರಿಜ್ಜು ಇದಕ್ಕಿಂತ ಚೆನ್ನಾಗಿ ಹಾಡತ್ತೆ” ಅನ್ನುತ್ತಾನೆ. ಆದರೆ ಮಧ್ಯಾಹ್ನ ಊಟವಾದ ಮೇಲೆ ನಿನ್ನ ಎರಡನೇ ಟೇಪಿನ ರೆಕಾರ್ಡು ‘ಉದ್ದ ಕೋಣೆ ಎರಡು’ ಹಾಕಿಸಿಕೊಂಡು ಅದನ್ನು ಕೇಳುತ್ತಲೇ ನಿದ್ದೆ ಮಾಡುತ್ತಾನೆ.

ಈಗ ಯಾಕೆ ಬರೆಯುತ್ತಿದ್ದೇನೆ ಹೇಳುತ್ತೇನೆ. ಕಂಪನಿಗೆ ಹತ್ತು ವರ್ಷ ತುಂಬುತ್ತದೆ. ಅರವತ್ತೆರಡು ರೆಕಾರ್ಡು ಬಂದಿವೆ. ನಾವು ಮೂವರೂ ನಮಗೆ ಇಷ್ಟವಾದ ಐದೈದರ ಬಗ್ಗೆ ಬರೆಯಬೇಕು, ಅದನ್ನು ಪುಟ್ಟ ಪುಸ್ತಕ ಮಾಡಿ ಗಿರಾಕಿಗಳಿಗೆ ಕಳಿಸುತ್ತಾರೆ. ನಾನು ಮೂರನ್ನು ಬೇಗ ಆರಿಸಿದೆ. ಒಬ್ಬ ನರ್ಸ್ ಮಾಡಿದ ‘ಕರಗು’: ಸ್ಟೀಲಿನ ಬೇಸಿನ್ನಿನಲ್ಲಿ ಐಸ್ ಕರಗುವ ನಲವತ್ತು ನಿಮಿಷ, ಹಿಂದೆ ಒಂದೇ ಒಂದು ಸ್ವರ. ಒಬ್ಬ ಬಸ್ ಡ್ರೈವರ್ ಮಾಡಿದ ‘ಡಿಪೋ’: ಹನ್ನೆರಡು ಎಂಜಿನ್ನುಗಳ ಸದ್ದನ್ನು ನಾಲ್ಕು ಪಟ್ಟು ನಿಧಾನ ಮಾಡಿದ್ದಾನೆ, ಆನೆಗಳು ನಿದ್ದೆಯಲ್ಲಿ ಉಸಿರಾಡಿದ ಹಾಗಿದೆ. ಮೂರನೆಯದು ‘ಖಾಲಿ ಕೊಳ’. ನೀರು ತೆಗೆದ ಈಜುಕೊಳದ ಎರಡು ತುದಿಗೆ ನಿಂತು ಇಬ್ಬರು ಅಕ್ಕತಂಗಿಯರು ಗುನುಗುತ್ತಾರೆ. ಎರಡನೇ ಬದಿಯಲ್ಲಿ ಒಬ್ಬಳು ಮುನಿಸಿಕೊಂಡು ಮೆಟ್ಟಿಲು ಹತ್ತಿ ಹೋಗುವುದು ಕೇಳಿಸುತ್ತದೆ, ಇನ್ನೊಬ್ಬಳು ನಿಲ್ಲಿಸುವುದಿಲ್ಲ.

ಉಳಿದ ಎರಡೂ ನಿನ್ನವೇ. ಆರು ‘ಉದ್ದ ಕೋಣೆ’ಗಳಲ್ಲಿ ಯಾವ ಎರಡು ಎಂದು ಆರಿಸಲು ಹೋದ ವಾರ ಮೂಲ ಟೇಪುಗಳನ್ನು ಒಂದರಿಂದ ಆರರವರೆಗೆ ಒಟ್ಟಿಗೆ ಕೇಳಿದೆ. ಅದಕ್ಕೇ ಈ ಕಾಗದ.

ಅಪ್ಪ, ನಿನ್ನ ಟೇಪುಗಳಲ್ಲಿ ಒಂದು ಸಣ್ಣ ‘ಟಕ್’ ಇದೆ. ಇಷ್ಟು ವರ್ಷ ಅದನ್ನು ನಾನು ತೆಗೆದುಹಾಕುತ್ತಿದ್ದೆ. ತೆಗೆದ ಯಾವ ಸದ್ದನ್ನೂ ಎಸೆಯಬಾರದು, ಗಳಿಗೆ ಬರೆದು ಎತ್ತಿಡಬೇಕು ಎನ್ನುವುದು ಮೆಲ್ಲಗಮ್ಮನ ಕಟ್ಟುನಿಟ್ಟು. ಅದಕ್ಕೆ ಕಸದ ಪುಸ್ತಕ ಎಂದೇ ಹೆಸರು. ಎಣಿಸಿ ನೋಡಿದೆ. ಮೊದಲನೆಯದರಲ್ಲಿ ನಾಲ್ಕು. ಆಮೇಲೆ ಒಂಬತ್ತು, ಹದಿನೈದು, ಮೂವತ್ತೊಂದು, ಎಪ್ಪತ್ತು. ಆರನೆಯದರಲ್ಲಿ ನೂರ ನಲವತ್ತೆರಡು.

ಆ ಕೋಣೆಯಲ್ಲಿ ಏನದು?

ಬರೆಯುತ್ತೀಯಾ?

ನಿನ್ನ ಮಗಳು


ಫೆಬ್ರವರಿ 22

ಮಗಳಿಗೆ,

ಕಾಗದ ತಲುಪಿತು. ಸಾಲುಗಳು ಈಗಲೂ ಬೆಟ್ಟ ಹತ್ತುತ್ತವೆ. ಹತ್ತನೇ ತರಗತಿ ಮುಗಿಸಿದ್ದರೆ ನೇರವಾಗುತ್ತಿದ್ದವೇನೋ.

ನೀನು ಅಲ್ಲಿರುವುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಟೇಪು ಕಳಿಸುತ್ತಿದ್ದೆನೋ ಇಲ್ಲವೋ ಹೇಳಲಾರೆ.

ನನ್ನ ಟೇಪುಗಳಲ್ಲಿ ಯಾವ ಸದ್ದೂ ಇಲ್ಲ. ಮೂವತ್ತಾರು ವರ್ಷ ಪಿಯಾನೊಗಳಿಗೆ ಶ್ರುತಿ ಕೂರಿಸಿದವನು ನಾನು. ‘ಟಕ್’ ಇದ್ದರೆ ಕಳಿಸುತ್ತಿದ್ದೆನೇ? ಪ್ರತಿಯೊಂದನ್ನೂ ಎರಡು ಸಲ ಕೇಳಿಯೇ ಪೊಟ್ಟಣ ಕಟ್ಟುವುದು. ನಿಮ್ಮ ಯಂತ್ರವನ್ನು ಯಾರಿಗಾದರೂ ತೋರಿಸಿ.

ಇಲ್ಲಿ ಎಲ್ಲವೂ ಸರಿಯಾಗಿದೆ. ನೀನಿದ್ದಾಗ ಟೇಪಿಗಾಗಿ ಐದು ತಂತಿ ಕಟ್ಟಿದ್ದೆ. ಈಗ ಒಂಬತ್ತಿವೆ, ಗೋಡೆಯಿಂದ ಗೋಡೆಗೆ. ಮಾಲೀಕ ಮಾಡಿನ ಮೇಲೆ ಕೂರಿಸಿದ ದೊಡ್ಡ ಟ್ಯಾಂಕಿಗೆ ಬೆಳಿಗ್ಗೆ ನೀರು ಏರುವಾಗ ಒಂಬತ್ತೂ ತಾವಾಗಿ ಮಿಡಿಯುತ್ತವೆ. ಪಂಪು ನಿಂತ ಮೇಲೂ ಹನ್ನೊಂದು ನಿಮಿಷ ನಿಲ್ಲುವುದಿಲ್ಲ. ಏಳನೆಯ ಟೇಪು ಅದೇ. ಈ ವರ್ಷ ಹವೆ ಮಾತ್ರ ಸರಿಯಿಲ್ಲ, ತಂತಿಗಳು ಏರುತ್ತಿವೆ, ಶ್ರುತಿ ನಿಲ್ಲುತ್ತಿಲ್ಲ. ವಾರಕ್ಕೊಮ್ಮೆ ಇಳಿಸುತ್ತೇನೆ.

ಫೋನು ತೆಗೆಸಿಹಾಕಿದ್ದೇನೆ. ರೆಕಾರ್ಡಿಂಗ್ ನಡುವೆ ಬಡಿದುಕೊಳ್ಳುತ್ತದೆ. ಏನಿದ್ದರೂ ಕಾಗದ ಸಾಕು.

ಅಪ್ಪ


ಮಾರ್ಚ್ 4

ಅಪ್ಪ,

ನಿನ್ನ ಕಾಗದದಲ್ಲಿ ಒಂದು ಸಾಲನ್ನು ಮೂರು ಸಲ ಓದಿದೆ. ನೀನು ಅದನ್ನು ಹವೆಯ ವಿಷಯ ಎಂಬಂತೆ ಬರೆದಿದ್ದೀಯ.

ಮೊದಲು ಬಡಗಿಯ ವಿಷಯ. ಯಂತ್ರ ಕೆಟ್ಟಿರಬೇಕು ಎಂದೆಯಲ್ಲ, ಕೆಟ್ಟಿದ್ದರೆ ಸಾಕು ಎಂದು ನಾನೂ ಆಸೆಪಟ್ಟೆ. ಬೇರೆ ಯಂತ್ರ ತರಿಸಿದೆ. ಸದ್ದು ಅಲ್ಲೂ ಇತ್ತು. ಆಮೇಲೆ ಕಸದಲ್ಲಿ ಎತ್ತಿಟ್ಟಿದ್ದ ನಿನ್ನ ‘ಟಕ್’ಗಳನ್ನೆಲ್ಲ ಒಂದರ ಹಿಂದೆ ಒಂದು ಜೋಡಿಸಿದೆ. ಬಿಡಿಬಿಡಿಯಾಗಿ ಕೇಳಿದಾಗ ಧೂಳಿನ ಕಣದ ಹಾಗಿದ್ದದ್ದು, ಜೋಡಿಸಿದ ಮೇಲೆ ಯಾರೋ ಕತ್ತಲೆ ಕೋಣೆಯಲ್ಲಿ ಬೆರಳು ನೆಟಿಕೆ ಮುರಿಯುತ್ತಾ ಹತ್ತಿರ ಬರುತ್ತಿರುವ ಹಾಗಿತ್ತು. ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಟ್ಟುಬಿಟ್ಟೆ.

ಎದುರಿನ ಬಡಗಿ ರಟ್ಟಣ್ಣನಿಗೆ ಪೆಟ್ಟಿಗೆಯ ಹಲಗೆ ಕೊಡಲು ಬಂದಿದ್ದರು. ಅರವತ್ತರ ಮೇಲಿನ ಮನುಷ್ಯ, ಎಡಗೈಯಲ್ಲಿ ಮೂರೇ ಬೆರಳು. ಒಂದು ನಿಮಿಷ ಕೇಳ್ತೀರಾ ಅಂದೆ. ತಮಾಷೆ ಎಂದುಕೊಂಡು ಹೆಡ್‌ಫೋನ್ ಹಾಕಿಕೊಂಡರು. “ಏನಮ್ಮಾ, ನನ್ನನ್ನೂ ಮಲಗಿಸ್ತೀಯಾ” ಅಂದರು. ಅರ್ಧ ನಿಮಿಷಕ್ಕೆ ನಗು ನಿಂತಿತು.

“ಇದು ಎಲ್ಲಿಯ ಮರ?” ಅಂದರು.

“ಮರ ಅಂತ ಹೇಗೆ ಗೊತ್ತು?”

“ನಲವತ್ತು ವರ್ಷ ಇನ್ನೇನು ಮಾಡಿದ್ದೀನಿ? ಇದು ತೊಲೆ. ಒಳಗೆ ಎಳೆ ಎಳೆಯಾಗಿ ಹರೀತಾ ಇದೆ. ಕೆಳಗೆ ಯಾರಾದರೂ ಇದ್ದಾರಾ?”

ನಮ್ಮಪ್ಪ ಅಂದೆ. ಅವರು ಹೆಡ್‌ಫೋನ್ ಕಳಚಿ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಒಡೆದೀತು ಎಂಬ ಹಾಗೆ.

ಆಮೇಲೆ ಒಂದೊಂದಾಗಿ ಕೇಳಿದರು. ಮೇಲೆ ಭಾರ ಏನಿದೆ? ಟ್ಯಾಂಕು. ಯಾವಾಗ ಕೂರಿಸಿದ್ದು? ಮೊದಲ ಟೇಪಿನ ವರ್ಷ. ಸದ್ದು ಯಾವಾಗ ಜಾಸ್ತಿ? ಅದನ್ನು ನಾನು ಕಸದ ಪುಸ್ತಕದಲ್ಲಿ ನೋಡಿ ಹೇಳಿದೆ: ಪಂಪು ನಿಂತ ಮೇಲೆ, ಟ್ಯಾಂಕು ತುಂಬಿದಾಗ. “ಹಾಗಾದ್ರೆ ಟ್ಯಾಂಕಿನ ಭಾರವೇ” ಅಂದರು.

ಈಗ ನಿನ್ನ ಆ ಸಾಲು. ತಂತಿಗಳು ಏರುತ್ತಿವೆ ಎಂದು ಬರೆದಿದ್ದೀಯ. ಅಪ್ಪ, ನನಗೆ ಏಳು ವರ್ಷವಿದ್ದಾಗ ನಿನ್ನ ತೊಡೆಯ ಮೇಲೆ ಕೂರಿಸಿಕೊಂಡು, ಶ್ರುತಿ ಕೀಲಿ ನನ್ನ ಕೈಗೆ ಕೊಟ್ಟು ಹೇಳಿದ್ದೆ: ತಂತಿ ಸೋಮಾರಿ, ಬಿಟ್ಟರೆ ಇಳಿಯುತ್ತದೆ, ಅದಕ್ಕೇ ನಮಗೆ ಅನ್ನ. ಹವೆಗೆ ಒಂದಿಷ್ಟು ಅತ್ತಿತ್ತ ಆಗಬಹುದು, ಋತು ಬದಲಾದರೆ ವಾಪಸ್ಸು ಬರಬೇಕು. ನಿನ್ನವು ವಾಪಸ್ಸು ಬರುತ್ತಿಲ್ಲ. ನೀನು ವಾರಕ್ಕೊಮ್ಮೆ ಇಳಿಸುತ್ತೀಯ, ಅವು ವಾರಕ್ಕೊಮ್ಮೆ ಏರುತ್ತವೆ. ತಂತಿ ಏರಬೇಕಾದರೆ ಯಾರಾದರೂ ಎಳೆಯಬೇಕು. ನಿನ್ನ ತಂತಿಗಳ ಎರಡು ತುದಿಯಲ್ಲಿರುವುದು ಗೋಡೆ.

ಗೋಡೆಗಳು ಒಂದರಿಂದ ಒಂದು ದೂರ ಹೋಗುತ್ತಿವೆ, ಅಪ್ಪ.

ದಯವಿಟ್ಟು ಏಣಿ ಹಾಕಿ ತೊಲೆಗಳು ಗೋಡೆಗೆ ಸೇರುವ ಜಾಗ ನೋಡು. ಟ್ಯಾಂಕು ಖಾಲಿ ಮಾಡಿಸು. ಕೆಳಗಿನ ಹಾಸಿಗೆ ಅಂಗಡಿಯವರಿಗೂ ಹೇಳು, ಅಲ್ಲಿ ಆರು ಜನ ಹೊಲಿಯುತ್ತಾರಲ್ಲ.

ಅವಸರದಲ್ಲಿ ಬರೆದಿದ್ದೇನೆ, ಸಾಲು ಬೆಟ್ಟ ಹತ್ತಿದ್ದಕ್ಕೆ ಈ ಸಲ ಓದು ಕಾರಣವಲ್ಲ.

ಕಾಯುತ್ತಿರುವ
ಮಗಳು


ಮಾರ್ಚ್ 15

ಮಗಳಿಗೆ,

ನಿನ್ನ ಬಡಗಿಗೆ ಕೆಲಸ ಕಡಿಮೆ ಇರಬೇಕು.

ಏಣಿ ಹಾಕಿ ನೋಡಿದೆ. ಬೀದಿ ಕಡೆಯ ಗೋಡೆಯಲ್ಲಿ, ಮೂರನೇ ತೊಲೆಯ ಕೆಳಗೆ, ಕೂದಲೆಳೆಯ ಬಿರುಕು. ಇಂಥದ್ದು ಯಾವ ಹಳೇ ಕಟ್ಟಡದಲ್ಲಿಲ್ಲ? ಮಾಲೀಕನಿಗೆ ಹೇಳಿದೆ. ಮರುದಿನವೇ ಒಬ್ಬನನ್ನು ಕಳಿಸಿದ. ಅವನು ಗಾರೆ ಮೆತ್ತಿ, ಮೇಲೆ ಬಣ್ಣ ಹೊಡೆದು ಹೋದ. ಈಗ ಗೋಡೆ ಹೊಸದರ ಹಾಗಿದೆ. ಹಾಸಿಗೆ ಅಂಗಡಿಯವನಿಗೂ ಹೇಳಿದೆ. “ಬಿದ್ರೆ ನಮ್ಮ ಹಾಸಿಗೆ ಮೇಲೇ ತಾನೆ ಬೀಳ್ತೀರಿ, ಪುಣ್ಯವಂತರು” ಎಂದ. ಆರು ಜನರೂ ನಕ್ಕರು. ನಿನ್ನಿಂದಾಗಿ ನಾನು ನಗೆಪಾಟಲಾದೆ.

ಟ್ಯಾಂಕು ಖಾಲಿ ಮಾಡಿಸಿದರೆ ತಂತಿ ಮಿಡಿಯುವುದಿಲ್ಲ. ತಂತಿ ಮಿಡಿಯದಿದ್ದರೆ ನಾನು ಈ ಕೋಣೆಯಲ್ಲಿ ಏನು ಮಾಡಲಿ? ಪಿಯಾನೊಗೆ ಈಗ ಯಾರೂ ಕರೆಯುವುದಿಲ್ಲ.

ಇನ್ನೊಂದು ಮಾತು. ನಾನು ಕಳಿಸಿದ್ದರಲ್ಲಿ ಕೈಯಾಡಿಸಲು ನಿನಗೆ ಹೇಳಿದವರು ಯಾರು? ಕಳಿಸಿದ್ದನ್ನು ಹಾಗೇ ಅಚ್ಚು ಹಾಕುತ್ತೇವೆ ಎಂದು ನಿಮ್ಮ ಯಜಮಾನಿ ನನಗೆ ಬರೆದುಕೊಟ್ಟಿದ್ದಾರೆ. ಒಂದು ‘ಟಕ್’ ಇದ್ದದ್ದು ನಿಜವೇ ಆದರೂ, ನನ್ನನ್ನು ಒಂದು ಮಾತು ಕೇಳಬಹುದಿತ್ತು. ನಾಲ್ಕು ವರ್ಷ ಕೇಳಲಿಲ್ಲ. ಯಾಕೆ?

ಅಪ್ಪ


ಮಾರ್ಚ್ 24

ಅಪ್ಪ,

ಯಾಕೆ ಎಂದು ಕೇಳಿದ್ದೀಯ. ನಿನ್ನ ಕಾಗದ ಬಂದ ದಿನದಿಂದ ಈ ಉತ್ತರವನ್ನು ತಿರುಗಿಸಿ ಮುರುಗಿಸಿ ನೋಡಿದೆ. ನೋವಾಗದ ಹಾಗೆ ಹೇಳುವ ದಾರಿ ಸಿಗಲಿಲ್ಲ. ಹಾಗಾಗಿ ನೇರವಾಗಿ ಹೇಳುತ್ತೇನೆ.

ನಿನಗೆ ಮೇಲಿನ ಸ್ವರಗಳು ಕೇಳಿಸುವುದಿಲ್ಲ.

ಮೊದಲ ಟೇಪು ಯಂತ್ರಕ್ಕೆ ಹಾಕಿದ ದಿನವೇ ಖಾತ್ರಿಯಾಯಿತು. ನಾಲ್ಕೇ ನಾಲ್ಕು ‘ಟಕ್’. ನಮ್ಮಪ್ಪ ಎಲ್ಲೋ ದೂರದಲ್ಲಿ ಒಂದು ತಿರುಪು ಸಡಿಲವಾಗಿದ್ದರೂ ಕಂಡುಹಿಡಿಯುವ ಮನುಷ್ಯ, ಇದನ್ನು ಬಿಟ್ಟು ಕಳಿಸಿದ್ದಾನೆ ಎಂದರೆ ಅವನಿಗೆ ಇದು ಕೇಳಿಸಿಲ್ಲ. ಬೇರೆ ಯಾರಾದರೂ ಈ ಟೇಪು ಕೇಳಿದರೆ ಅವರಿಗೂ ಗೊತ್ತಾಗುತ್ತದೆ, ಶ್ರುತಿಗಾರನಿಗೆ ಕಿವಿ ಹೋಗಿದೆ ಎಂದು. ಅದಕ್ಕೆ ತೆಗೆದೆ. ಕಸದ ಪುಸ್ತಕದಲ್ಲಿ ‘ಟೇಪಿನ ದೋಷ’ ಎಂದು ಬರೆದೆ. ಆ ಪುಸ್ತಕದಲ್ಲಿ ನಾನು ಬರೆದ ಸುಳ್ಳು ಅದೊಂದೇ, ಆದರೆ ಇನ್ನೂರ ಎಪ್ಪತ್ತೊಂದು ಸಲ ಬರೆದಿದ್ದೇನೆ. ಮನೆ ಮುರಿಯುತ್ತಿದೆ ಎಂದು ತೊಲೆ ಹೇಳುತ್ತಿತ್ತು. ನಿನ್ನ ಮಾನ ಕಾಯುತ್ತೇನೆ ಎಂದುಕೊಂಡು ಅದರ ಬಾಯಿ ಮುಚ್ಚಿದವಳು ನಾನು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಉಳಿಸಿಕೊಂಡರೆ ಅರ್ಥವಿಲ್ಲ. ಶಾಲೆ ಯಾಕೆ ಬಿಟ್ಟೆ ಎಂದು ನೀನು ಮೂರು ದಿನ ಕೇಳಿದೆ. ಬೇಜಾರು ಅಂದೆ. ಆ ವರ್ಷ ನಮ್ಮ ಶಾಲೆಯ ಪಿಯಾನೊಗೆ ಶ್ರುತಿ ಕೂರಿಸಿದ್ದು ನೀನು. ಮರುದಿನ ಸಂಗೀತದ ಮೇಡಂ ಬಲತುದಿಯ ಮೇಲಿನ ಸ್ವರಗಳನ್ನು ನುಡಿಸಿ, ಮುಖ ಹಿಂಡಿ, “ಯಾವ ಕಿವುಡ ಮಾಡಿದ್ದು ಇದು?” ಅಂದರು. ತರಗತಿ ಎಲ್ಲ ನನ್ನ ಕಡೆ ತಿರುಗಿತು. ನಾನು ಎದ್ದು ನಿಂತು, ಸರಿಯಾಗೇ ಇದೆ, ನಿಮ್ಮ ಕಿವಿ ಸರಿಯಿಲ್ಲ ಅಂದೆ. ಸರಿಯಿಲ್ಲ ಎಂದು ನನಗೂ ಕೇಳಿಸುತ್ತಿತ್ತು ಅಪ್ಪ. ಮೇಡಂ ಹೊರಗೆ ಹೋಗು ಅಂದರು. ಹೋದೆ. ವಾಪಸ್ಸು ಹೋಗಬೇಕೆಂದರೆ ಅದೇ ಪಿಯಾನೊ ಇರುವ ಕೋಣೆಯನ್ನು ದಾಟಬೇಕಿತ್ತು.

ಇದನ್ನು ತ್ಯಾಗ ಅಂತ ಓದಬೇಡ. ಗಣಿತದಲ್ಲಿ ಎರಡು ಸಲ ಫೇಲಾಗಿದ್ದೆ, ಬೆಂಚಿನ ಮೇಲೆ ಕೂರಲು ನನ್ನ ಕೈಲಿ ಆಗುತ್ತಿರಲಿಲ್ಲ, ಬಿಡಲು ನೆವ ಬೇಕಿತ್ತು. ಅದೂ ನಿಜ, ಇದೂ ನಿಜ.

ಈಗ ಒಂದೇ ಕೆಲಸ ಮಾಡು. ಬಡಗಿ ಹೇಳಿಕೊಟ್ಟದ್ದು. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಗಾರೆ ಮೆತ್ತಿ ಕೂರಿಸು. ಪಕ್ಕದಲ್ಲಿ ತಾರೀಖು ಬರೆ. ಗೋಡೆ ಅಲ್ಲಾಡದಿದ್ದರೆ ಗಾಜು ವರ್ಷಗಟ್ಟಲೆ ಇರುತ್ತದೆ. ಇದಕ್ಕೆ ಕಿವಿ ಬೇಡ, ಕಣ್ಣು ಸಾಕು.

ಬೈದಾದರೂ ಬರೆ.

ನಿನ್ನ ಮಗಳು


ಏಪ್ರಿಲ್ 17

ಅಪ್ಪ,

ಇಪ್ಪತ್ತನಾಲ್ಕು ದಿನವಾಯಿತು. ಅಂಚೆಯವರು ಈಗ ನನ್ನನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸುತ್ತಾರೆ.

ನಿನ್ನೆ ತಡೆಯಲಾಗದೆ ಕೆಳಗಿನ ಹಾಸಿಗೆ ಅಂಗಡಿಗೆ ಫೋನು ಮಾಡಿದೆ. ಮಗಳು ಅಂದೆ. “ಓ, ಗೋಡೆ ಬೀಳಿಸೋ ಮಗಳಾ?” ಅಂದರು. “ಇದ್ದಾರಮ್ಮ, ಬೆಳಿಗ್ಗೆ ಮೆಟ್ಟಿಲ ಮೇಲೆ ಕಂಡ್ರು. ಮಾತಾಡಿಸಿದ್ರೆ ತಿರುಗಲ್ಲ, ಅದು ಹಳೇ ಕಥೆ. ಇಲ್ಲಿ ಏನೂ ಆಗಿಲ್ಲ. ನಮ್ಮ ಹಿಂದಿನ ಬಾಗಿಲೊಂದು ಮುಚ್ಚಿಕೊಳ್ತಾ ಇಲ್ಲ, ಅಷ್ಟೆ. ಚೌಕಟ್ಟು ಉಬ್ಬಿರಬೇಕು.”

ಅಷ್ಟೆ, ಅಂದರು.

ನಾನು ಫೋನು ಇಟ್ಟು ಬಡಗಿಯ ಅಂಗಡಿಗೆ ಓಡಿ ಹೋಗಿ ಹೇಳಿದೆ. ಅವರು ಕೈಯಲ್ಲಿದ್ದ ಉಳಿ ಕೆಳಗಿಟ್ಟರು. ಚೌಕಟ್ಟು ಉಬ್ಬುವುದು ಮಳೆಗಾಲದಲ್ಲಂತೆ, ಈ ಬಿಸಿಲಿನಲ್ಲಿ ಅದನ್ನು ಒತ್ತುತ್ತಿರುವುದು ಗೋಡೆಯಂತೆ.

ರಟ್ಟಣ್ಣ ಮಧ್ಯಾಹ್ನ ‘ಉದ್ದ ಕೋಣೆ ಎರಡು’ ಹಾಕಿದಾಗ ನಾನು ನಿಲ್ಲಿಸಿಬಿಟ್ಟೆ. “ಯಾಕೆ ತಂಗಿ?” ಅಂದ. ಅದರಲ್ಲಿ ಒಂಬತ್ತು ಕಡೆ ಏನಿತ್ತು ಎಂದು ನನಗೆ ಗೊತ್ತು. ಸದ್ದು ತೆಗೆದ ಜಾಗಗಳು ಈಗ ನನಗೆ ಹೆಚ್ಚು ಜೋರಾಗಿ ಕೇಳಿಸುತ್ತವೆ. ಇಲ್ಲಿನ ನಮ್ಮ ಕೋಣೆಯ ಮಾಡು ಕೂಡ ನೋಡಲು ಶುರುಮಾಡಿದ್ದೇನೆ. ಚಹಾ ಕುಡಿಯುವಾಗ, ಬಸ್ಸಿಗೆ ನಿಂತಾಗ, ಎಲ್ಲಿದ್ದರೂ ಕಣ್ಣು ಮೇಲಕ್ಕೆ.

ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ಗಾಜು ಏನಾಯಿತು, ಅದೊಂದನ್ನೇ ಬರೆ. ಒಂದು ಪದ ಸಾಕು.

ಮಗಳು


ಏಪ್ರಿಲ್ 23

ಇಲಿಕಿವಿಗೆ,

ಈ ಹೆಸರಿನಿಂದ ಕರೆದು ಎಷ್ಟು ವರ್ಷವಾಯಿತು ಲೆಕ್ಕ ಹಾಕುತ್ತಾ ಕೂತಿದ್ದೆ. ನಿನಗೆ ಐದು ವರ್ಷವಿದ್ದಾಗ ಇಟ್ಟದ್ದು. ಪಕ್ಕದ ಮನೆಯ ಗಡಿಯಾರ ನಿಂತಿದೆ ಎಂದು ಗೋಡೆಯ ಈಚೆಯಿಂದ ಹೇಳಿದ್ದೆ ನೀನು.

ಗಾಜು ಒಡೆಯಿತು.

ಮಾರ್ಚ್ 30ಕ್ಕೆ ಕೂರಿಸಿದ್ದೆ. ನಿನ್ನನ್ನು ಸುಳ್ಳು ಮಾಡಬೇಕೆಂದೇ ಕೂರಿಸಿದೆ. ದಿನಾ ಬೆಳಿಗ್ಗೆ ನೋಡಿ, ಸರಿಯಾಗಿದೆ ಎಂದು ನಿನಗೆ ಬರೆಯಲು ಸಾಲು ಹೊಂದಿಸುತ್ತಿದ್ದೆ. ಒಂಬತ್ತನೆಯ ದಿನ, ಏಪ್ರಿಲ್ 8ರಂದು, ಅದೇ ಗೋಡೆಯ ಪಕ್ಕದ ಮೇಜಿನಲ್ಲಿ ಕೂತು ತಂತಿಗೆ ಸುತ್ತು ಹಾಕುತ್ತಿದ್ದೆ. ತಲೆ ಎತ್ತಿದಾಗ ಗಾಜು ಎರಡು ತುಂಡಾಗಿತ್ತು. ಒಂದು ತುಂಡು ನೆಲದ ಮೇಲಿತ್ತು. ಮೊಳ ದೂರದಲ್ಲಿ ಗಾಜು ಒಡೆದು ಬಿದ್ದಿದೆ, ನಾನು ಅಲ್ಲೇ ಇದ್ದೆ. ನನಗೆ ಕೇಳಿಸಲಿಲ್ಲ.

ಅಂದಿನಿಂದ ಬರೆಯಲು ಕೂತರೆ ಕೈ ಏಳಲಿಲ್ಲ.

ಕಿವಿಯ ವಿಷಯ ನೀನು ಹೇಳಿದ ಮೇಲೆ ನಾನು ಹೇಳುವುದೇನೂ ಉಳಿದಿಲ್ಲ. ಫೋನು ತೆಗೆಸಿದ್ದು ರೆಕಾರ್ಡಿಂಗಿಗಾಗಿ ಅಲ್ಲ. ನಿಮ್ಮ ಶಾಲೆಯ ಪಿಯಾನೊದ ಬಲತುದಿಯನ್ನು ಕೈಯ ಅಂದಾಜಿನಲ್ಲಿ ಕೂರಿಸಿದ್ದೆ. ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೆ. ಓದು ಬಿಟ್ಟವಳು ಎಂದು ನಾನು ನಿನ್ನನ್ನು ಮೆಟ್ಟಿಲಿನಿಂದ ಇಳಿಸಿದೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಈ ಕೋಣೆಯನ್ನು ನಾನು ಕಿವಿಯಿಂದ ಕೇಳುವುದನ್ನು ಬಿಟ್ಟು ತುಂಬಾ ದಿನವಾಯಿತು. ತೊಲೆಯ ಕಂಬಕ್ಕೆ ಅಂಗೈ ಇಟ್ಟು ಕೇಳುತ್ತೇನೆ. ತಂತಿಗಳ ಮಿಡಿತ ಮೊಣಕೈವರೆಗೆ ಬರುತ್ತದೆ. ನಿನ್ನ ‘ಟಕ್’ ಕೂಡ ಈಗ ಕೈಗೆ ಬರುತ್ತಿದೆ. ಮುಳ್ಳು ಚುಚ್ಚಿದ ಹಾಗೆ. ಎಷ್ಟೋ ದಿನದಿಂದ ಬರುತ್ತಿತ್ತು, ವಯಸ್ಸಾದ ಕೈ ಎಂದುಕೊಂಡಿದ್ದೆ.

ಮಾಲೀಕ ಟ್ಯಾಂಕು ಖಾಲಿ ಮಾಡಲು ಒಪ್ಪಲಿಲ್ಲ. ನಾನೇ ಮೇಲೆ ಹತ್ತಿ ಪಂಪಿನ ಕರೆಂಟು ವೈರು ಕಿತ್ತೆ. ಕೆಳಗಿನವರು ನೀರಿಲ್ಲ ಎಂದು ಕೂಗಾಡಿದರು. ಮೂರನೆಯ ದಿನ ಮಾಲೀಕ ಬೀಗ ಹಾಕಿಸಿ ಮತ್ತೆ ತುಂಬಿಸಿದ. ಎರಡನೆಯ ಗಾಜು ಕೂರಿಸಿದ್ದೆ. ಅದು ಎರಡು ದಿನ ಇತ್ತು. ನನ್ನ ಬಾಗಿಲೂ ಈಗ ಭುಜ ಕೊಟ್ಟರೆ ಮಾತ್ರ ತೆರೆಯುತ್ತದೆ.

ಹೊರಡಬಹುದು, ಗೊತ್ತು. ಆದರೆ ಒಂಬತ್ತು ತಂತಿ ಬಿಗಿದಿವೆ. ಈಗಿನ ಬಿಗಿಯಲ್ಲಿ ಒಂದು ಹಠಾತ್ತನೆ ಬಿಟ್ಟುಕೊಂಡರೆ ಮುಖ ಸೀಳುತ್ತದೆ. ಒಂದು ತುದಿಯಲ್ಲಿ ಒಬ್ಬರು ಹಿಡಿದು, ಇನ್ನೊಂದು ತುದಿಯಲ್ಲಿ ಇನ್ನೊಬ್ಬರು ಕೀಲಿ ತಿರುಗಿಸಿ, ಮೆಲ್ಲಗೆ ಇಳಿಸಬೇಕು. ಹಾಗೇ ಬಿಟ್ಟು ಹೋದರೆ ನಾಳೆ ಒಳಗೆ ಬಂದವರಿಗೆ ಏನಾಗುತ್ತದೋ. ವಾರಕ್ಕೊಮ್ಮೆ ಕೂದಲೆಳೆಯಷ್ಟು ಇಳಿಸುವುದು ಬೇರೆ, ಪೂರ್ತಿ ಬಿಚ್ಚುವುದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ಹಿಂದೆ ಇನ್ನೊಂದು ತುದಿ ಯಾರು ಹಿಡಿಯುತ್ತಿದ್ದರು ಎಂದು ನಿನಗೆ ಗೊತ್ತು.

ಅಪ್ಪ


ಏಪ್ರಿಲ್ 27

ಅಪ್ಪ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಹತ್ತಕ್ಕೆ ಬಂತು. ಹತ್ತೂ ಐದಕ್ಕೆ ಕಸದ ಪುಸ್ತಕ ಎತ್ತಿಕೊಂಡು ಮೆಲ್ಲಗಮ್ಮನ ಮುಂದೆ ನಿಂತೆ. ಎಲ್ಲ ಹೇಳಿದೆ. ಯಾರ ಮಗಳು, ಏನು ತೆಗೆದೆ, ಏನೆಂದು ಬರೆದೆ. ಕೆಲಸ ಹೋಗುತ್ತದೆ ಎಂದುಕೊಂಡೇ ಹೇಳಿದೆ.

ಅವರು ಹೆಡ್‌ಫೋನ್ ಹಾಕಿಕೊಂಡು ಇನ್ನೂರ ಎಪ್ಪತ್ತೊಂದನ್ನೂ ಕೇಳಿದರು. ಮುಗಿಯುವವರೆಗೂ ಕದಲಲಿಲ್ಲ. ಆಮೇಲೆ ಕೂಗಾಡಿದರು. “ಆರು ವರ್ಷದಲ್ಲಿ ಇವರು ಕೂಗಿದ್ದು ಇದೇ ಮೊದಲ ಸಲ ಕೇಳಿದ್ದು” ಅಂದ ರಟ್ಟಣ್ಣ. ನಿಮ್ಮ ಊರಿನ ನಗರ ಕಚೇರಿಗೆ ಫೋನು ಮಾಡಿದ್ದರು. “ಅರ್ಜಿ ಬೇಡ ಸ್ವಾಮೀ, ಮನುಷ್ಯರು ಬೇಕು! ಮೇಲೊಬ್ಬರು, ಕೆಳಗೆ ಆರು ಜನ!” ಗುರುವಾರ ಒಬ್ಬ ಎಂಜಿನಿಯರನ್ನು ಕಳಿಸುತ್ತಾರಂತೆ. ಇವತ್ತು ಸೋಮವಾರ. ಹಾಸಿಗೆ ಅಂಗಡಿಗೂ ಅವರೇ ಫೋನು ಮಾಡಿ ಬೈದರು. ಹೊಲಿಯುವವರಿಗೆ ನಾಳೆಯಿಂದ ರಜೆ ಕೊಟ್ಟು ಕಳಿಸುತ್ತೇನೆ ಅಂದರಂತೆ. ನಗುತ್ತಿದ್ದರಾ ಎಂದು ಕೇಳಿದೆ. ಇಲ್ಲ, ಮುಂಬಾಗಿಲೂ ಕಚ್ಚಿಕೊಂಡಿದೆಯಂತೆ ಅಂದರು.

ಕಸದ ಪುಸ್ತಕದಲ್ಲಿ ‘ಟೇಪಿನ ದೋಷ’ ಎನ್ನುವುದನ್ನು ಅಷ್ಟೂ ಕಡೆ ಹೊಡೆದು ‘ತೊಲೆ’ ಎಂದು ತಿದ್ದಿದೆ. ಸಂಜೆಯಾಯಿತು. ಹತ್ತು ವರ್ಷದ ಪುಸ್ತಕಕ್ಕೆ ನಾಲ್ಕರ ಬಗ್ಗೆ ಬರೆದುಕೊಟ್ಟೆ. ‘ಕರಗು’, ‘ಡಿಪೋ’, ‘ಖಾಲಿ ಕೊಳ’, ‘ಉದ್ದ ಕೋಣೆ ಒಂದು’. ಕೊನೆಯದನ್ನು ಯಾಕೆ ಆರಿಸಿದೆ ಎಂದರೆ ಅದರ ಮೂಲ ಟೇಪಿನ ಕೊನೆಯಲ್ಲಿ, ನೀನು ಯಂತ್ರ ನಿಲ್ಲಿಸುವ ಮುಂಚೆ, ಒಬ್ಬ ಹುಡುಗಿ ದೂರದಿಂದ “ಅಪ್ಪ, ಅಂಟು ಎಲ್ಲಿ?” ಅನ್ನುತ್ತಾಳೆ. ಅದು ನಾನು, ಪೊಟ್ಟಣ ಕಟ್ಟಲು ನಿಂತಿದ್ದೆ. ಅದನ್ನೂ ತೆಗೆದಿದ್ದೆ. ವಾಪಸ್ಸು ಹಾಕಿದೆ. ಐದನೆಯದರ ಜಾಗ ಖಾಲಿ ಬಿಟ್ಟಿದ್ದೇನೆ.

ಬಡಗಿ ಹಾರೆ ಕೊಟ್ಟಿದ್ದಾರೆ, ದಪ್ಪ ಕೈಗವಸು ಎರಡು ಜೊತೆ ಕೊಟ್ಟಿದ್ದಾರೆ. “ಒಳಗೆ ಕಾಲಿಡೋಕ್ಕೆ ಮುಂಚೆ ಮೆಟ್ಟಿಲ ಮೇಲೆ ನಿಂತು ಐದು ನಿಮಿಷ ಕೇಳು. ಸದ್ದು ಒಂದರ ಹಿಂದೆ ಒಂದು ಬರ್ತಾ ಇದ್ರೆ ತಂತಿ ಗಿಂತಿ ಅಂತ ನೋಡಬೇಡ, ಅಪ್ಪನ್ನ ಎಳ್ಕೊಂಡು ಇಳಿ” ಅಂದರು. ಸದ್ದು ಬಿಟ್ಟು ಬಿಟ್ಟು ಬಂದರೆ ಒಂಬತ್ತನ್ನೂ ಇಳಿಸೋಣ, ನಡುವಿನದರಿಂದ ಶುರುಮಾಡಿ. ಬೀದಿ ಕಡೆಯ ತುದಿ ನಾನು ಹಿಡಿಯುತ್ತೇನೆ. ಬೇಡ ಅನ್ನಬೇಡ. ಆ ತುದಿಯಲ್ಲಿ ಕೇಳಿಸುವವರು ಬೇಕು.

ನನಗೆ ಭಯವಾಗುತ್ತಿದೆ ಅಪ್ಪ. ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಜೇಬಿನಲ್ಲಿಟ್ಟುಕೊಂಡು ಬರುತ್ತೇನೆ. ನಾನು ಬಾಗಿಲು ಬಡಿದರೆ ನಿನಗೆ ಕೇಳಿಸುವುದಿಲ್ಲ. ಕರೆದರೂ ಕೇಳಿಸುವುದಿಲ್ಲ. ಇದನ್ನು ಬಾಗಿಲ ಕೆಳಗೆ ತೂರಿಸುತ್ತೇನೆ. ನೀನು ಇದನ್ನು ಓದುತ್ತಿದ್ದೀಯ ಎಂದರೆ ನಾನು ಬಾಗಿಲಿನ ಈಚೆ ಇದ್ದೇನೆ ಎಂದು ಅರ್ಥ. ಇಲ್ಲಿಯವರೆಗೆ ಓದಿದೆಯಾದರೆ ಎದ್ದು ಬಾ. ಒಳಗಿನಿಂದ ನೀನು ಭುಜ ಕೊಡು, ಹೊರಗಿನಿಂದ ನಾನು ಹಾರೆ ಹಾಕುತ್ತೇನೆ.

ಬೆಳಗಿನ ಆರರ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ನಾಳೆ ಹೊರಡುತ್ತೇನೆ.

ಇಲಿಕಿವಿ